ಬಿಸಿ ಪೈಪಿನ ಹಿಗ್ಗುವಿಕೆಯನ್ನು ನಿಭಾಯಿಸುವುದು: ಕಾರ್ಖಾನೆಯ ಸ್ಟೀಮ್ ಲೈನ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಸಕ್ಕರೆ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ, ತೈಲ ಸಂಸ್ಕರಣಾಗಾರ, ಉಕ್ಕಿನ ಕಾರ್ಖಾನೆ ಎಲ್ಲೇ ಆಗಲಿ, ಹಬೆ ಹರಿಯುವ ಪೈಪು ಬಿಸಿಯಾದಾಗ ಉದ್ದವಾಗುತ್ತದೆ. ಆ ಹಿಗ್ಗುವಿಕೆಯನ್ನು ತಡೆಯುವಷ್ಟು ಬಲವಾದ ಆಧಾರವನ್ನು ಕಟ್ಟಲು ಹೊರಡುವುದು ವ್ಯರ್ಥ. ಪೈಪು ಯಾವ ದಿಕ್ಕಿಗೆ, ಎಷ್ಟು ದೂರ, ಯಾವ ಜಾಗದಲ್ಲಿ ಚಲಿಸಬೇಕು ಎಂಬುದನ್ನು ನಾವೇ ಮೊದಲು ನಿರ್ಧರಿಸಿ, ಆ ಜಾಗವನ್ನು ನಕ್ಷೆಯಲ್ಲಿಯೂ ಸೈಟಿನಲ್ಲಿಯೂ ಖಾಲಿಯಾಗಿ ಉಳಿಸಿಕೊಳ್ಳುವುದೇ ಇಲ್ಲಿನ ಇಡೀ ಕೆಲಸ. ನಕ್ಷೆಯ ಭಾಗಕ್ಕೆ ಪುಸ್ತಕಗಳೂ ಸಾಫ್ಟ್‌ವೇರ್‌ಗಳೂ ಸಾಕಷ್ಟಿವೆ. ಸೈಟಿನ ಭಾಗಕ್ಕೆ ದೊರೆಯುವ ಗಮನ ಕಡಿಮೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎರಡನ್ನೂ ಒಟ್ಟಿಗೆ ಹೇಳಿದ್ದೇನೆ.

ವಿವರಣೆಗೆ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಮನೆಯ ಹೆಡರ್‌ನಿಂದ (ಹಬೆಯನ್ನು ಒಟ್ಟುಗೂಡಿಸಿ ಹಂಚುವ ದೊಡ್ಡ ಪೈಪು) ಡಿಸ್ಟಿಲರಿಗೆ ಚದರ ಸೆಂ.ಮೀ.ಗೆ 10 ಕೆ.ಜಿ. ಒತ್ತಡದ ಹಬೆಯನ್ನು ಒಯ್ಯುವ 8 ಇಂಚಿನ, ಷೆಡ್ಯೂಲ್ 40ರ (ಗೋಡೆಯ ದಪ್ಪವನ್ನು ಸೂಚಿಸುವ ದರ್ಜೆ) ಕಾರ್ಬನ್ ಸ್ಟೀಲ್ ಲೈನ್. ಎರಡು ಆ್ಯಂಕರ್‌ಗಳ, ಎಂದರೆ ಪೈಪನ್ನು ಅಲುಗದಂತೆ ಹಿಡಿದಿಡುವ ಬಿಂದುಗಳ, ನಡುವಿನ ನೇರ ಅಂತರ 60 ಮೀಟರ್. ವಿನ್ಯಾಸದ ಉಷ್ಣತೆ 200 ಡಿಗ್ರಿ ಸೆಲ್ಸಿಯಸ್, ಜೋಡಣೆಯ ದಿನದ ಉಷ್ಣತೆ 30 ಡಿಗ್ರಿ.

ಮೊದಲ ಹಂತ: ಉಷ್ಣತೆಗಳನ್ನು ಪಟ್ಟಿ ಮಾಡುವುದು

ಲೆಕ್ಕಕ್ಕೆ ಕೂರುವ ಮೊದಲು ಲೈನ್ ಯಾವ ಯಾವ ಸ್ಥಿತಿಗಳಲ್ಲಿ ಇರಬಹುದು ಎಂಬುದನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು. ಸಾಮಾನ್ಯ ಕಾರ್ಯಾಚರಣೆಯ ಉಷ್ಣತೆಯೊಂದೇ ಸಾಲದು. ಒತ್ತಡ ಇಳಿಸುವ ಕೇಂದ್ರದಲ್ಲಿ ಉಷ್ಣತೆ ತಗ್ಗಿಸಲು ಸಿಂಪಡಿಸುವ ನೀರು ನಿಂತುಹೋದರೆ ಮುಂದಿನ ಲೈನ್‌ಗೆ ಎಷ್ಟು ಬಿಸಿ ತಲುಪುತ್ತದೆ? ಎರಡು ಬಾಯ್ಲರ್‌ಗಳು ಒಂದೇ ಹೆಡರ್‌ಗೆ ಸೇರುವಲ್ಲಿ ಒಂದು ಬಿಸಿಯಾಗಿದ್ದು ಇನ್ನೊಂದು ತಣ್ಣಗಿರುವಾಗ ಏನಾಗುತ್ತದೆ? ಎರಡು ಪಂಪುಗಳಲ್ಲಿ ಒಂದು ಸದಾ ಸ್ಟ್ಯಾಂಡ್‌ಬೈ ಆಗಿದ್ದರೆ ಅದರ ಕವಲು ತಣ್ಣಗೇ ಇರುತ್ತದೆಯೇ? ಎಲ್ಲವೂ ಒಟ್ಟಿಗೆ ಬಿಸಿಯಾದಾಗ ಸಮತೋಲದಲ್ಲಿರುವ ಲೈನ್, ಅರ್ಧ ಬಿಸಿ ಅರ್ಧ ತಣ್ಣಗಿರುವಾಗಲೇ ಹೆಚ್ಚು ತಿರುಚಿಕೊಳ್ಳುವುದುಂಟು.

ಸಲಕರಣೆಗಳೂ ಚಲಿಸುತ್ತವೆ ಎಂಬುದನ್ನು ಇಲ್ಲಿಯೇ ಸೇರಿಸಿಕೊಳ್ಳಬೇಕು. ಮೇಲಿನಿಂದ ತೂಗುಹಾಕಿದ ಬಾಯ್ಲರ್ ಕೆಳಮುಖವಾಗಿ ಹಿಗ್ಗುವುದರಿಂದ ಅದರ ಸೂಪರ್‌ಹೀಟರ್ ಹೆಡರ್ ತಾನಾಗಿಯೇ ಕೆಳಗಿಳಿದು ಮುಖ್ಯ ಸ್ಟೀಮ್ ಲೈನನ್ನು ಎಳೆಯುತ್ತದೆ. ಟರ್ಬೈನಿನ ನಾಝಲ್ (ಪೈಪು ಬಂದು ಸೇರುವ ಬಾಯಿ) ಕೂಡ ಟರ್ಬೈನಿನ ಸ್ಥಿರ ಬಿಂದುವಿನಿಂದ ಹೊರಕ್ಕೆ ಸರಿಯುತ್ತದೆ. ಈ ಅಂಕಿಗಳನ್ನು ತಯಾರಕರಿಂದ ಬರಹದಲ್ಲಿ ಪಡೆಯಬೇಕು.

ಎರಡನೆಯ ಹಂತ: ಹಿಗ್ಗುವಿಕೆಯ ಲೆಕ್ಕ

ಉದ್ದ, ಉಷ್ಣತೆಯ ವ್ಯತ್ಯಾಸ ಮತ್ತು ಲೋಹದ ವಿಸ್ತರಣಾ ಗುಣಾಂಕ, ಈ ಮೂರನ್ನು ಗುಣಿಸಿದರೆ ಹಿಗ್ಗುವಿಕೆ ಸಿಗುತ್ತದೆ. ಕಾರ್ಬನ್ ಸ್ಟೀಲ್ ಈ ಉಷ್ಣತೆಯ ವ್ಯಾಪ್ತಿಯಲ್ಲಿ ಮೀಟರಿಗೆ, ಪ್ರತಿ ಡಿಗ್ರಿಗೆ, ಸುಮಾರು 0.0122 ಮಿ.ಮೀ. ಹಿಗ್ಗುತ್ತದೆ. ನಮ್ಮ ಲೈನ್‌ಗೆ 60 ಮೀಟರ್, 170 ಡಿಗ್ರಿ ವ್ಯತ್ಯಾಸ. ಉತ್ತರ ಸುಮಾರು 124 ಮಿ.ಮೀ. ಗುಣಾಂಕವು ಉಷ್ಣತೆಯೊಂದಿಗೆ ಏರುತ್ತದೆ, ಲೋಹದಿಂದ ಲೋಹಕ್ಕೆ ಬದಲಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಾರ್ಬನ್ ಸ್ಟೀಲಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಿಗ್ಗುತ್ತದೆ. ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕಗಳಲ್ಲಿ ಬಳಕೆಯಲ್ಲಿರುವ 87 ಕೆ.ಜಿ. ಒತ್ತಡ, 515 ಡಿಗ್ರಿಯ ಮುಖ್ಯ ಲೈನ್‌ಗೆ ಪಿ22 ಅಥವಾ ಪಿ91 ಮಿಶ್ರಲೋಹದ ಪೈಪು ಹಾಕಿದಾಗ ಮೀಟರಿಗೆ 6ರಿಂದ 7 ಮಿ.ಮೀ. ಹಿಗ್ಗುವಿಕೆ ಬರುತ್ತದೆ; ಎಂದರೆ 40 ಮೀಟರ್ ಲೈನ್‌ಗೆ ಕಾಲು ಮೀಟರಿನಷ್ಟು.

ಈ 124 ಮಿ.ಮೀ. ಹಿಗ್ಗುವಿಕೆಯನ್ನು ಎರಡೂ ತುದಿಯಲ್ಲಿ ಬಿಗಿಹಿಡಿದರೆ ಏನಾಗುತ್ತದೆ ಎಂಬುದನ್ನು ಒಮ್ಮೆಯಾದರೂ ಕೈಯಾರೆ ಲೆಕ್ಕ ಹಾಕಬೇಕೆಂದು ಹೊಸ ಎಂಜಿನಿಯರುಗಳಿಗೆ ಒತ್ತಾಯಿಸಿ ಹೇಳುತ್ತೇನೆ. ಪೈಪಿನಲ್ಲಿ ಸುಮಾರು 415 ಮೆಗಾಪ್ಯಾಸ್ಕಲ್ ಸ್ಟ್ರೆಸ್ (ಲೋಹದ ಅಡ್ಡಕೊಯ್ತದ ಪ್ರತಿ ಚದರ ಅಳತೆಗೆ ಬೀಳುವ ಬಲ) ಹುಟ್ಟಬೇಕಾಗುತ್ತದೆ. ಎ106 ಗ್ರೇಡ್ ಬಿ ಪೈಪಿನ ಈಲ್ಡ್ ಮಿತಿ, ಎಂದರೆ ಲೋಹ ಶಾಶ್ವತವಾಗಿ ರೂಪಗೆಡತೊಡಗುವ ಸ್ಟ್ರೆಸ್, 240 ಮೆಗಾಪ್ಯಾಸ್ಕಲ್. ಗೋಡೆಯ ಅಡ್ಡಕೊಯ್ತದ ವಿಸ್ತೀರ್ಣ 5,420 ಚದರ ಮಿ.ಮೀ. ಇರುವುದರಿಂದ ಆ ಸ್ಟ್ರೆಸ್ ಆ್ಯಂಕರ್ ಮೇಲೆ ಸುಮಾರು 230 ಟನ್ ತಳ್ಳುವಿಕೆಗೆ ಸಮ. ಅಷ್ಟು ಬಲ ಬೆಳೆಯುವ ಮುಂಚೆಯೇ ಪೈಪು ಪಕ್ಕಕ್ಕೆ ಬಾಗುತ್ತದೆ, ಇಲ್ಲವೇ ಪೈಪುಗಳನ್ನು ಹೊತ್ತು ನಿಂತ ಚೌಕಟ್ಟಾದ ರ‍್ಯಾಕಿನ ತೊಲೆ ತಿರುಚುತ್ತದೆ, ಇಲ್ಲವೇ ಹತ್ತಿರದ ನಾಝಲ್‌ನ ವೆಲ್ಡ್ ಬಿರಿಯುತ್ತದೆ.

ಮೂರನೆಯ ಹಂತ: ಆ್ಯಂಕರ್‌ಗಳ ಜಾಗ

ಪೈಪು ಯಾವ ಬಿಂದುವಿನಿಂದ ಯಾವ ದಿಕ್ಕಿಗೆ ಹಿಗ್ಗಬೇಕು ಎಂಬುದನ್ನು ಆ್ಯಂಕರ್ ನಿರ್ಧರಿಸುತ್ತದೆ. ಹಾಗಾಗಿ ಆ್ಯಂಕರ್ ಇಡುವುದು ಆಧಾರದ ಪ್ರಶ್ನೆಯಾಗುವುದಕ್ಕೂ ಮೊದಲು ಹಿಗ್ಗುವಿಕೆಯನ್ನು ಹಂಚುವ ಪ್ರಶ್ನೆ. ಚಲನೆ ಕಡಿಮೆ ಇರಬೇಕಾದ ಕಡೆ, ಅಂದರೆ ಸೂಕ್ಷ್ಮ ಸಲಕರಣೆಗಳು ಮತ್ತು ಮುಖ್ಯ ಕವಲುಗಳ ಸಮೀಪ, ಆ್ಯಂಕರ್ ಇಡಬೇಕು. ನೇರ ಲೈನ್‌ನ ಎರಡು ಆ್ಯಂಕರ್‌ಗಳ ನಡುವೆ ಹಿಗ್ಗುವಿಕೆಯನ್ನು ನುಂಗುವ ಬಾಗು ಒಂದಾದರೂ ಇರಲೇಬೇಕು. ಸಲಕರಣೆಯ ನಾಝಲ್ಲನ್ನು ಎಂದೂ ಆ್ಯಂಕರ್ ಆಗಿ ಬಳಸಬಾರದು.

ಆ್ಯಂಕರ್ ಮೇಲಿನ ಬಲದಲ್ಲಿ ಘರ್ಷಣೆಯ ಪಾಲನ್ನು ಅನೇಕರು ಬಿಟ್ಟುಬಿಡುತ್ತಾರೆ. ನಮ್ಮ ಲೈನ್ ನಿರೋಧಕ ಹೊದಿಕೆಯೂ ಸೇರಿ ಮೀಟರಿಗೆ ಸುಮಾರು 60 ಕೆ.ಜಿ. ತೂಗುತ್ತದೆ ಎಂದುಕೊಂಡರೆ, ಒಂದು ಪಕ್ಕದ 30 ಮೀಟರ್ ಭಾಗ ಉಕ್ಕಿನ ಮೇಲೆ ಉಕ್ಕು ಜಾರುವಾಗ, 0.3ರ ಘರ್ಷಣಾ ಗುಣಾಂಕದಂತೆ, ಅರ್ಧ ಟನ್‌ಗೂ ಹೆಚ್ಚು ಎದುರೊತ್ತು ಕೊಡುತ್ತದೆ. ಟೆಫ್ಲಾನ್ ಜಾರುಫಲಕ ಹಾಕಿದರೆ ಅದು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೆ ಬಿಸಿ ಪೈಪಿನ ಶಾಖ ನೇರವಾಗಿ ತಾಗುವಲ್ಲಿ ಟೆಫ್ಲಾನ್ ಸಲ್ಲದು, ಶೂ (ಪೈಪಿನ ಅಡಿಗೆ ಬೆಸೆದ, ತೊಲೆಯ ಮೇಲೆ ಜಾರುವ ಪಾದ) ಎತ್ತರವಾಗಿರಬೇಕು ಅಥವಾ ಗ್ರ್ಯಾಫೈಟ್ ಫಲಕ ಬಳಸಬೇಕು.

ನಾಲ್ಕನೆಯ ಹಂತ: ಮಾರ್ಗವನ್ನೇ ಬಾಗಿಸುವುದು

ಹಿಗ್ಗುವಿಕೆಗೆ ಅತ್ಯಂತ ನಂಬಿಕಸ್ತ ಪರಿಹಾರ ಪೈಪಿನ ಬಾಗುವಿಕೆಯೇ. ಲೈನ್ ತನ್ನ ದಾರಿಯಲ್ಲಿ ಸಹಜವಾಗಿ ಎರಡು ಮೂರು ಕಡೆ ತಿರುಗುವಂತಿದ್ದರೆ ಎಲ್ ಅಥವಾ ಝೆಡ್ ಆಕಾರವೇ ಸಾಕಾಗಬಹುದು. ಇಲ್ಲವಾದರೆ ಯು ಆಕಾರದ ಲೂಪ್ ಸೇರಿಸಬೇಕು. ಲೂಪಿನಲ್ಲಿ ಹಿಗ್ಗುವಿಕೆಯನ್ನು ನುಂಗುವುದು ಲೈನ್‌ಗೆ ಅಡ್ಡವಾಗಿರುವ ಎರಡು ಕಾಲುಗಳು.

ಕಾಲಿನ ಉದ್ದಕ್ಕೆ ಮೊದಲ ಅಂದಾಜನ್ನು ಪೈಪಿಂಗ್ ವಿನ್ಯಾಸಕ್ಕೆ ಬಳಸುವ ಅಮೆರಿಕದ ಎಎಸ್‌ಎಂಇ ಬಿ31.3 ಸಂಹಿತೆಯ ಸರಳ ನಿಯಮದಿಂದ ತೆಗೆಯಬಹುದು. ಪೈಪಿನ ಹೊರವ್ಯಾಸವನ್ನೂ ಹಿಗ್ಗುವಿಕೆಯನ್ನೂ ಮಿಲಿಮೀಟರಿನಲ್ಲಿ ಗುಣಿಸಿ, ಪೈಪಿನ ಒಟ್ಟು ಉದ್ದದಲ್ಲಿ ಆ್ಯಂಕರ್‌ಗಳ ನೇರ ಅಂತರವನ್ನು ಕಳೆದು ಬರುವ ಮೀಟರುಗಳ ವರ್ಗದಿಂದ ಭಾಗಿಸಿದರೆ, ಸಾಮಾನ್ಯ ಉಕ್ಕಿಗೆ ಫಲ 208.3ನ್ನು ಮೀರಬಾರದು. ನಮ್ಮ ಲೈನ್‌ಗೆ ಹೊರವ್ಯಾಸ 219.1, ಹಿಗ್ಗುವಿಕೆ 124. ಒಂದೇ ಲೂಪ್ ಹಾಕಿ ಪ್ರತಿ ಕಾಲನ್ನು 5.5 ಮೀಟರ್ ಮಾಡಿದರೆ ಹೆಚ್ಚುವರಿ ಉದ್ದ 11 ಮೀಟರ್. ಫಲ ಸುಮಾರು 225, ಸಾಲದು. 6 ಮೀಟರ್ ಮಾಡಿದರೆ ಹೆಚ್ಚುವರಿ ಉದ್ದ 12. ಫಲ ಸುಮಾರು 189, ಸಾಕು. ಲೂಪಿನ ಅಗಲ ಈ ಲೆಕ್ಕದಲ್ಲಿ ಬರುವುದಿಲ್ಲ, ಏಕೆಂದರೆ ಅದು ಲೈನ್‌ಗೆ ಸಮಾನಾಂತರವಾಗಿದ್ದು ನೇರ ಅಂತರದಲ್ಲಿಯೇ ಸೇರಿಹೋಗಿದೆ.

ಲೈನನ್ನು ನಡುವೆ ಮತ್ತೊಂದು ಆ್ಯಂಕರ್‌ನಿಂದ 30 ಮೀಟರಿನ ಎರಡು ಭಾಗ ಮಾಡಿ ಎರಡು ಲೂಪ್ ಹಾಕಿದರೆ, ಪ್ರತಿ ಲೂಪಿನ ಕಾಲು 4 ಮೀಟರಿಗಿಂತ ತುಸು ಹೆಚ್ಚಾಗಿ ನಿಲ್ಲುತ್ತದೆ. ಹಿಗ್ಗುವಿಕೆ ಅರ್ಧಕ್ಕಿಳಿದರೂ ಕಾಲು ಅರ್ಧಕ್ಕಿಳಿಯದು, ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಇಳಿಯುತ್ತದೆ. ಆದ್ದರಿಂದ ಜಾಗವಿದ್ದರೆ ದೊಡ್ಡದೊಂದು ಲೂಪ್ ಹಾಕುವುದು ಪೈಪಿನ ಖರ್ಚಿನಲ್ಲಿಯೂ ಒತ್ತಡ ನಷ್ಟದಲ್ಲಿಯೂ ಲಾಭ; ರ‍್ಯಾಕ್ ಇಕ್ಕಟ್ಟಾಗಿದ್ದರೆ ಮಾತ್ರ ಎರಡಾಗಿ ಒಡೆಯಬೇಕು.

6 ಮೀಟರ್ ಕಾಲಿನ ಲೂಪ್ ಆ್ಯಂಕರ್ ಮೇಲೆ ಹೊರಿಸುವ ಬಲ ಎಷ್ಟು? ಮೂಲೆಗಳು ತಿರುಗುವುದೇ ಇಲ್ಲ ಎಂಬ ಬಿಗಿಯಾದ ಊಹೆಯಲ್ಲಿ ಲೆಕ್ಕ ಹಾಕಿದರೂ ಸುಮಾರು ಎರಡು ಟನ್. ಎಲ್ಬೋಗಳ, ಎಂದರೆ ಮೂಲೆಯ ಬಾಗು ತುಂಡುಗಳ, ಸಹಜ ಬಳುಕನ್ನು ಪರಿಗಣಿಸಿದರೆ ಇನ್ನೂ ಕಡಿಮೆ. ಇನ್ನೂರ ಮೂವತ್ತು ಟನ್ನಿನ ಸಮಸ್ಯೆಯನ್ನು ನಾಲ್ಕು ಎಲ್ಬೋ ಮತ್ತು ಹನ್ನೆರಡು ಮೀಟರ್ ಪೈಪು ಎರಡು ಟನ್ನಿಗೆ ಇಳಿಸಿವೆ.

ಲೂಪನ್ನು ಮಲಗಿದ ಸ್ಥಿತಿಯಲ್ಲಿಯೇ ಇಡಬೇಕು. ಎದ್ದುನಿಂತ ಲೂಪಿನ ಬುಡದಲ್ಲಿ ಹಬೆ ತಣಿದ ನೀರು ನಿಂತು ವಾಟರ್ ಹ್ಯಾಮರ್‌ಗೆ, ಎಂದರೆ ಹಬೆ ಆ ನೀರನ್ನು ರಭಸದಿಂದ ತಳ್ಳಿ ಪೈಪಿಗೆ ಬಡಿಸುವುದಕ್ಕೆ, ಕಾರಣವಾಗುತ್ತದೆ. ಅನಿವಾರ್ಯವಾದರೆ ಏರುವ ಕಾಲಿನ ಬುಡದಲ್ಲಿ ನೀರು ಸೇರುವ ಡ್ರಿಪ್ ಪಾಕೆಟ್ ಮತ್ತು ಹಬೆಯನ್ನು ಬಿಡದೆ ನೀರನ್ನಷ್ಟೇ ಹೊರಹಾಕುವ ಸ್ಟೀಮ್ ಟ್ರ್ಯಾಪ್ ಕೊಡಬೇಕು. ರ‍್ಯಾಕಿನ ಮೇಲೆ ಹಲವು ಲೂಪ್‌ಗಳು ಒಂದರೊಳಗೊಂದು ಬರುವಲ್ಲಿ ಅತಿ ದೊಡ್ಡ, ಅತಿ ಬಿಸಿಯಾದ ಲೈನ್ ಹೊರಗಿರಲಿ. ಅಕ್ಕಪಕ್ಕದ ಲೂಪ್‌ಗಳು ಒಂದು ಬಿಸಿ, ಒಂದು ತಣ್ಣಗಿರುವಾಗಲೂ ಹೊದಿಕೆಗೆ ಹೊದಿಕೆ ತಾಗದಷ್ಟು ಅಂತರವಿರಲಿ.

ಐದನೆಯ ಹಂತ: ಕವಲುಗಳು

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೊಳಗಾಗುವ ಹಂತ ಇದು. ಮುಖ್ಯ ಲೈನ್‌ನ ಲೆಕ್ಕವೆಲ್ಲ ಸರಿಯಿದ್ದು, ಅದರಿಂದ ಹೊರಡುವ ಎರಡು ಇಂಚಿನ ಕವಲೊಂದು ಬೇರಿನಲ್ಲೇ ಬಿರಿಯುವುದು ಕಾರ್ಖಾನೆಗಳಲ್ಲಿ ಅಪರೂಪವಲ್ಲ.

ನಮ್ಮ ಲೈನ್‌ನಲ್ಲಿ ಆ್ಯಂಕರ್‌ನಿಂದ 20 ಮೀಟರ್ ದೂರದಲ್ಲಿ ಎರಡು ಇಂಚಿನ ಕವಲು ಇದೆ ಎನ್ನೋಣ. ಆ ಬಿಂದು ಬಿಸಿಯಾದಾಗ ಸುಮಾರು 41 ಮಿ.ಮೀ. ಸರಿಯುತ್ತದೆ, ಕವಲಿನ ಬೇರೂ ಜೊತೆಗೆ ಸರಿಯುತ್ತದೆ. ಮೇಲಿನ ನಿಯಮವನ್ನೇ 60.3 ಮಿ.ಮೀ. ಹೊರವ್ಯಾಸಕ್ಕೆ ಹಾಕಿ ನೋಡಿದರೆ, ಕವಲು ಸುಮಾರು ಮೂರೂವರೆ ಮೀಟರ್ ದೂರ ಆ ದಿಕ್ಕಿನಲ್ಲಿ ಯಾವ ಹಿಡಿತವೂ ಇಲ್ಲದೆ ಸಾಗಬೇಕು. ಸಣ್ಣ ಪೈಪು ನೇತಾಡದಿರಲೆಂದು ಫಿಟ್ಟರ್ ಒಂದೂವರೆ ಮೀಟರಿಗೇ ಯು-ಬೋಲ್ಟ್ ಬಿಗಿದರೆ ಅಲ್ಲಿಗೆ ಲೆಕ್ಕ ಮುರಿಯಿತು. ಕವಲಿನ ಮೊದಲ ಆಧಾರ ಭಾರವನ್ನಷ್ಟೇ ಹೊರುವ ರೆಸ್ಟಿಂಗ್ ಆಧಾರವಾಗಿರಲಿ. ಇಲ್ಲವೇ ಕವಲು ಬೀಳುವ ಜಾಗವನ್ನು ಆ್ಯಂಕರ್ ಬಳಿಗೆ ಒಯ್ಯಿರಿ. ಟ್ರ್ಯಾಪ್ ಲೈನ್, ಡ್ರೇನ್, ಪ್ರೆಶರ್ ಗೇಜ್‌ನ ಟ್ಯೂಬು ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ: ಡ್ರೇನ್ ಪೈಪನ್ನು ಕಾಂಕ್ರೀಟ್ ಚರಂಡಿಯ ಅಂಚಿಗೆ ಸೇರಿಸಿ ಗಾರೆ ಮೆತ್ತಿದರೆ ಅದೂ ಒಂದು ಆ್ಯಂಕರ್ ಆಗಿಬಿಡುತ್ತದೆ.

ಆರನೆಯ ಹಂತ: ಬೆಲ್ಲೋಸ್ ಬೇಕೇ ಬೇಕೇ ಎಂದು ಕೇಳಿಕೊಳ್ಳುವುದು

ಲೂಪಿಗೆ ಜಾಗವೇ ಇಲ್ಲದಿದ್ದಾಗ, ಅಥವಾ ಟರ್ಬೈನಿನ ಎಕ್ಸಾಸ್ಟ್‌ನಂತಹ ದೊಡ್ಡ ವ್ಯಾಸದ, ಕಡಿಮೆ ಒತ್ತಡದ ಲೈನ್‌ಗಳಲ್ಲಿ, ಬೆಲ್ಲೋಸ್, ಎಂದರೆ ಮಡಿಕೆಗಳಿರುವ ಬಳುಕುವ ಲೋಹದ ಕೊಳವೆ, ಸರಿಯಾದ ಆಯ್ಕೆ. ಜಾಗವಿದ್ದೂ ಬೆಲ್ಲೋಸ್ ಹಾಕುವುದನ್ನು ನಾನು ಒಪ್ಪಲಾರೆ. ಅದರ ಗೋಡೆ ತೆಳು. ಅದು ನಿಗದಿತ ಸಲ ಮಾತ್ರ ಬಳುಕಬಲ್ಲದು. ನಿಂತ ನೀರಿನಲ್ಲಿರುವ ಕ್ಲೋರೈಡ್ ಅದರ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬಿರುಕು ಹುಟ್ಟಿಸಬಲ್ಲದು. ಅದಕ್ಕಿಂತ ಮುಖ್ಯವಾಗಿ, ಬೆಲ್ಲೋಸ್ ಹಾಕಿದ ಕ್ಷಣದಲ್ಲಿ ಪೈಪು ತನ್ನ ಒಳಗಿನ ಒತ್ತಡವನ್ನು ಉದ್ದಕ್ಕೆ ತಾನೇ ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬೆಲ್ಲೋಸ್‌ನ ಪರಿಣಾಮಕಾರಿ ವ್ಯಾಸ 250 ಮಿ.ಮೀ. ಎಂದುಕೊಂಡರೆ 10 ಬಾರ್ ಒತ್ತಡದಲ್ಲಿ ಅದು ಎರಡೂ ಕಡೆಗೆ ಸುಮಾರು 5 ಟನ್ ಬಲದಿಂದ ಪೈಪನ್ನು ನೂಕುತ್ತದೆ. ಒಂದೂವರೆ ಪಟ್ಟು ಒತ್ತಡದ ನೀರಿನ ಪರೀಕ್ಷೆಯಲ್ಲಿ ಏಳೂವರೆ ಟನ್. ಈ ಬಲ ಪೈಪು ತಣ್ಣಗಿದ್ದರೂ ಇರುತ್ತದೆ, ಏಕೆಂದರೆ ಇದು ಹಿಗ್ಗುವಿಕೆಯಿಂದ ಹುಟ್ಟಿದ್ದಲ್ಲ, ಒತ್ತಡದಿಂದ ಹುಟ್ಟಿದ್ದು.

1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯಲ್ಲಿ 28 ಮಂದಿ ಸತ್ತ ಸ್ಫೋಟವನ್ನು ಪೈಪಿಂಗ್ ಕಲಿಯುವ ಪ್ರತಿಯೊಬ್ಬರೂ ಓದಬೇಕು. ಸಾಲಿನಲ್ಲಿದ್ದ ಆರು ರಿಯಾಕ್ಟರ್‌ಗಳಲ್ಲಿ ಐದನೆಯದು ಬಿರುಕು ಬಿಟ್ಟಿದ್ದರಿಂದ ಅದನ್ನು ತೆಗೆದು, ನಾಲ್ಕನೆಯ ಮತ್ತು ಆರನೆಯ ರಿಯಾಕ್ಟರ್‌ಗಳ ನಡುವೆ 20 ಇಂಚಿನ ಬೈಪಾಸ್ ಪೈಪು ಹಾಕಿದರು. ಎರಡು ರಿಯಾಕ್ಟರ್‌ಗಳ ಎತ್ತರ ಬೇರೆಯಾಗಿದ್ದುದರಿಂದ ಪೈಪು ಎರಡು ಕಡೆ ಬಾಗಿತ್ತು, ಎರಡೂ ತುದಿಯಲ್ಲಿ ಬೆಲ್ಲೋಸ್‌ಗಳಿದ್ದವು, ಕೆಳಗೆ ಸ್ಕ್ಯಾಫೋಲ್ಡಿಂಗ್ ಕೊಳವೆಗಳ ಆಧಾರವಿತ್ತು. ನಕ್ಷೆಯೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು. ಬಾಗಿದ ಪೈಪನ್ನು ಬೆಲ್ಲೋಸ್‌ಗಳ ನೂಕು ತಿರುಚುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

ಆದ್ದರಿಂದ ಅಕ್ಷೀಯ ಬೆಲ್ಲೋಸ್ ಹಾಕುವಲ್ಲಿ ಎರಡು ಮುಖ್ಯ ಆ್ಯಂಕರ್‌ಗಳ ನಡುವೆ ಒಂದೇ ಬೆಲ್ಲೋಸ್ ಇರಬೇಕು, ಆ ಆ್ಯಂಕರ್‌ಗಳನ್ನು ಪರೀಕ್ಷಾ ಒತ್ತಡದ ನೂಕಿಗೆ ವಿನ್ಯಾಸ ಮಾಡಿರಬೇಕು. ಮೊದಲ ಗೈಡ್ (ಪೈಪನ್ನು ಪಕ್ಕಕ್ಕೆ ಬಿಡದೆ ಉದ್ದಕ್ಕೆ ಮಾತ್ರ ಚಲಿಸಲು ಬಿಡುವ ಆಧಾರ) ಬೆಲ್ಲೋಸ್‌ನಿಂದ ಪೈಪಿನ ವ್ಯಾಸದ ನಾಲ್ಕು ಪಟ್ಟಿನೊಳಗೆ, ಎರಡನೆಯದು ಮೊದಲನೆಯದರಿಂದ ಹದಿನಾಲ್ಕು ಪಟ್ಟಿನೊಳಗೆ ಬರಬೇಕು. ಆ್ಯಂಕರ್‌ಗೆ ಅಷ್ಟು ಬಲ ಇಲ್ಲದ ಕಡೆ ಟೈ-ರಾಡ್ ಇರುವ ಅಥವಾ ಹಿಂಜ್ ಇರುವ ಬೆಲ್ಲೋಸ್‌ಗಳನ್ನು ಬಾಗಿನ ಕಾಲಿನಲ್ಲಿ ಬಳಸಬೇಕು. ಅವುಗಳಲ್ಲಿ ನೂಕನ್ನು ರಾಡುಗಳೇ ಹೊರುತ್ತವೆ.

ಏಳನೆಯ ಹಂತ: ಆಧಾರಗಳು ಮತ್ತು ಸ್ಪ್ರಿಂಗ್ ಹ್ಯಾಂಗರ್‌ಗಳು

ಲೂಪಿನ ಸಮೀಪದ ಶೂ ನಮ್ಮ ಲೈನ್‌ನಲ್ಲಿ 60 ಮಿ.ಮೀ. ಆಸುಪಾಸು ಜಾರುತ್ತದೆ. ಕಡಿಮೆ ಉದ್ದದ ಶೂ ತೊಲೆಯಿಂದ ಜಾರಿಬಿದ್ದರೆ ತಣಿಯುವಾಗ ತೊಲೆಗೇ ಸಿಕ್ಕಿಕೊಳ್ಳುತ್ತದೆ. 300 ಮಿ.ಮೀ. ಉದ್ದದ ಶೂವನ್ನು ಚಲನೆಯ ವಿರುದ್ಧ ದಿಕ್ಕಿಗೆ ಅರ್ಧ ಚಲನೆಯಷ್ಟು ಸರಿಸಿ ಕೂರಿಸಿದರೆ ಬಿಸಿಯಲ್ಲಿಯೂ ತಣ್ಣಗಿರುವಾಗಲೂ ತೊಲೆಯ ನಡುಭಾಗದ ಹತ್ತಿರವೇ ಇರುತ್ತದೆ. ನೇರ ಭಾಗದಲ್ಲಿ ಪಕ್ಕಕ್ಕೆ ಸರಿಯದಂತೆ ಗೈಡ್‌ಗಳಿರಲಿ, ಆದರೆ ಲೂಪಿನ ಎಲ್ಬೋಗೆ ಒತ್ತಿಕೊಂಡಂತೆ ಬೇಡ. ಲೂಪಿನ ಕಾಲುಗಳ ಕೆಳಗೆ ಗೈಡ್ ಇರಲೇಬಾರದು.

ಪೈಪು ಮೇಲೆ ಕೆಳಗೆ ಚಲಿಸುವಲ್ಲಿ ಗಟ್ಟಿ ಆಧಾರ ಕೆಲಸಕ್ಕೆ ಬಾರದು: ಪೈಪು ಮೇಲೆದ್ದಾಗ ಆ ಆಧಾರದ ಭಾರವೆಲ್ಲ ಪಕ್ಕದ ನಾಝಲ್ ಮೇಲೆ ಬೀಳುತ್ತದೆ. ಅಲ್ಲಿ ಸ್ಪ್ರಿಂಗ್ ಬೇಕು. ಸ್ಪ್ರಿಂಗಿನ ಬಿಗಿತವನ್ನು ಚಲನೆಯಿಂದ ಗುಣಿಸಿ ಬಿಸಿ ಸ್ಥಿತಿಯ ಭಾರದಿಂದ ಭಾಗಿಸಿದರೆ ಬರುವ ವ್ಯತ್ಯಾಸ ಶೇ. 25ನ್ನು ಮೀರಬಾರದು ಎಂಬುದು ರೂಢಿಯ ಮಿತಿ. 12 ಕಿಲೋನ್ಯೂಟನ್ ಭಾರದ ಕಡೆ, ಮಿ.ಮೀ.ಗೆ 100 ನ್ಯೂಟನ್ ಬಿಗಿತದ ಸ್ಪ್ರಿಂಗ್ 20 ಮಿ.ಮೀ. ಚಲಿಸಿದರೆ ವ್ಯತ್ಯಾಸ ಶೇ. 17ರ ಒಳಗಿರುತ್ತದೆ. ಚಲನೆ ತೀರ ಹೆಚ್ಚಿದ್ದರೆ ಅಥವಾ ನಾಝಲ್ ಸೂಕ್ಷ್ಮವಾಗಿದ್ದರೆ ಚಲನೆಯುದ್ದಕ್ಕೂ ಒಂದೇ ಭಾರ ಹೊರುವ ಕಾನ್‌ಸ್ಟಂಟ್ ಸ್ಪ್ರಿಂಗ್ ಬಳಸಬೇಕು.

ಎಂಟನೆಯ ಹಂತ: ಪೂರ್ಣ ವಿಶ್ಲೇಷಣೆ ಮತ್ತು ಅನುಮೋದನೆ

ಮೇಲಿನ ಸರಳ ನಿಯಮ ಒಂದೇ ವ್ಯಾಸದ, ಎರಡೇ ಆ್ಯಂಕರ್‌ಗಳ, ನಡುವೆ ಬೇರೆ ಹಿಡಿತಗಳಿಲ್ಲದ ಲೈನ್‌ಗೆ ಮಾತ್ರ ಸಲ್ಲುತ್ತದೆ, ನಾಝಲ್ ಮೇಲಿನ ಬಲವನ್ನು ಅದು ಹೇಳುವುದೂ ಇಲ್ಲ. ಗೈಡ್‌ಗಳು, ಕವಲುಗಳು, ಸ್ಪ್ರಿಂಗ್‌ಗಳು ಸೇರಿದ ನಿಜವಾದ ಲೈನನ್ನು ಸೀಸರ್ 2 ಅಥವಾ ಆಟೋಪೈಪ್‌ನಂತಹ ಸಾಫ್ಟ್‌ವೇರಿನಲ್ಲಿ ಮೊದಲ ಹಂತದ ಪಟ್ಟಿಯ ಪ್ರತಿಯೊಂದು ಸ್ಥಿತಿಗೂ ಪರೀಕ್ಷಿಸಬೇಕು. ಹಿಗ್ಗುವಿಕೆಯ ಸ್ಟ್ರೆಸ್ ವ್ಯಾಪ್ತಿಗೆ ಸಂಹಿತೆಯ ಮಿತಿಯೆಂದರೆ, ತಣ್ಣನೆಯ ಅನುಮತಿತ ಸ್ಟ್ರೆಸ್‌ನ 1.25 ಪಟ್ಟು ಮತ್ತು ಬಿಸಿಯ ಅನುಮತಿತ ಸ್ಟ್ರೆಸ್‌ನ 0.25 ಪಟ್ಟಿನ ಮೊತ್ತ. ನಮ್ಮ ಲೈನ್‌ಗೆ ಬಿ31.3ರಂತೆ ಇದು 200 ಮೆಗಾಪ್ಯಾಸ್ಕಲ್‌ಗೆ ತುಸು ಮೇಲಿರುತ್ತದೆ. ಬಿಸಿಯಾಗಿ ತಣಿಯುವ ಆವರ್ತಗಳು 7,000ವನ್ನು ಮೀರುವಂತಿದ್ದರೆ ಮಿತಿಯನ್ನು ತಗ್ಗಿಸಬೇಕಾಗುತ್ತದೆ. ಹಂಗಾಮಿಗೆ ಕೆಲವೇ ಸಲ ನಿಂತು ಹೊರಡುವ ಸಕ್ಕರೆ ಕಾರ್ಖಾನೆಯ ಮುಖ್ಯ ಲೈನ್‌ಗೆ ಆ ಚಿಂತೆಯಿಲ್ಲ, ದಿನಕ್ಕೆ ಹಲವು ಬ್ಯಾಚ್ ನಡೆಸುವ ಘಟಕದ ಲೈನ್‌ಗೆ ಇದೆ. ಸ್ಟೀಮ್ ಟರ್ಬೈನಿನ ನಾಝಲ್ ಬಲಗಳಿಗೆ ನೆಮಾ ಎಸ್‌ಎಂ 23, ಪಂಪುಗಳಿಗೆ ಎಪಿಐ 610 ಎಂಬ ಮಾನದಂಡಗಳು ಮಿತಿಗಳನ್ನು ಕೊಡುತ್ತವೆ.

ನಮ್ಮ ದೇಶದಲ್ಲಿ ಹಬೆಯ ಲೈನ್‌ಗಳಿಗೆ 1950ರ ಭಾರತೀಯ ಬಾಯ್ಲರ್ ನಿಯಮಾವಳಿಯೂ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ನಕ್ಷೆಗಳು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಮುಂದೆ ಹೋಗುತ್ತವೆ. ಅನುಮೋದನೆಯಾದ ಮೇಲೆ ಸೈಟಿನಲ್ಲಿ ಮಾರ್ಗ ಬದಲಾದರೆ ವಿಶ್ಲೇಷಣೆಯನ್ನು ಹೊಸದಾಗಿ ಮಾಡಲೇಬೇಕು.

ಒಂಬತ್ತನೆಯ ಹಂತ: ಜೋಡಣೆ

ಫ್ಲ್ಯಾಂಜ್‌ಗಳು ಕೂಡಿಬರದಿದ್ದಾಗ ಚೈನ್ ಪುಲ್ಲಿ ಹಾಕಿ ಎಳೆದು ಬೋಲ್ಟ್ ಬಿಗಿಯುವುದನ್ನು ಮೊದಲು ನಿಲ್ಲಿಸಬೇಕು. ಹಾಗೆ ಎಳೆದ ಬಲ ನಾಝಲ್ ಮೇಲೆ ಶಾಶ್ವತವಾಗಿ ಕೂರುತ್ತದೆ, ಅದು ಯಾವ ಲೆಕ್ಕದಲ್ಲಿಯೂ ಇರುವುದಿಲ್ಲ. ಟರ್ಬೈನ್ ಅಥವಾ ಪಂಪಿಗೆ ಕೊನೆಯ ಫ್ಲ್ಯಾಂಜ್ ಬಿಗಿಯುವಾಗ ಶಾಫ್ಟಿನ ಮೇಲೆ ಡಯಲ್ ಗೇಜ್ ಇಟ್ಟು ನೋಡಿರಿ; ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಸರಿದರೆ ಬಿಚ್ಚಿ, ಪೈಪನ್ನು ಕತ್ತರಿಸಿ ಸರಿಪಡಿಸಬೇಕು. ತಣ್ಣಗಿರುವಾಗಲೇ ಪೈಪನ್ನು ಎಳೆದು ಜೋಡಿಸುವ ಕೋಲ್ಡ್ ಪುಲ್ ವಿಧಾನಕ್ಕೆ ಸಂಹಿತೆಯಲ್ಲಿ ಅವಕಾಶವಿದೆ, ಆದರೆ ಅದರಿಂದ ಸ್ಟ್ರೆಸ್ ವ್ಯಾಪ್ತಿ ತಗ್ಗುವುದಿಲ್ಲ. ಸೈಟಿನಲ್ಲಿ ಅದನ್ನು ನಿಖರವಾಗಿ ಮಾಡುವುದು ಕಷ್ಟವಾದ್ದರಿಂದ ಲೂಪನ್ನು ಒಂದು ಅಳತೆ ದೊಡ್ಡದು ಮಾಡುವುದೇ ಲೇಸು.

ನೀರಿನ ಪರೀಕ್ಷೆಯಲ್ಲಿ ನಮ್ಮ 8 ಇಂಚಿನ ಪೈಪಿಗೆ ಮೀಟರಿಗೆ ಸುಮಾರು 32 ಕೆ.ಜಿ. ನೀರಿನ ಭಾರ ಸೇರುತ್ತದೆ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಸ್ಪ್ರಿಂಗ್‌ಗಳ ಲಾಕ್ ಪಿನ್ ಹಾಗೆಯೇ ಇರಬೇಕು. ಬೆಲ್ಲೋಸ್‌ನ ಸಾಗಾಣಿಕೆ ಪಟ್ಟಿಗಳನ್ನು ಆ್ಯಂಕರ್ ಮತ್ತು ಗೈಡ್‌ಗಳ ವೆಲ್ಡ್ ಪೂರ್ಣಗೊಂಡ ಮೇಲೆ ತೆಗೆಯಬೇಕು. ಬೆಲ್ಲೋಸ್‌ನ ಮೇಲಿನ ಬಾಣದ ಗುರುತು ಹರಿವಿನ ದಿಕ್ಕಿಗಿರಬೇಕು.

ಹತ್ತನೆಯ ಹಂತ: ಮೊದಲ ಸಲ ಬಿಸಿ ಮಾಡುವುದು

ಹಬೆ ಬಿಡುವ ಮುನ್ನ ಲೈನ್‌ನ ಉದ್ದಕ್ಕೂ ನಡೆದು ನೋಡಬೇಕು. ಶೂ ಮತ್ತು ತೊಲೆಯ ನಡುವೆ ಜೋಡಣೆಯ ಸಮಯದ ಟ್ಯಾಕ್ ವೆಲ್ಡ್ ಉಳಿದಿದೆಯೇ, ಸ್ಪ್ರಿಂಗಿನ ಪಿನ್ ತೆಗೆದಿದ್ದಾರೆಯೇ, ಲೂಪಿನ ಒಳಗೆ ಕೇಬಲ್ ಟ್ರೇ ಅಥವಾ ಬೇರೆ ಗುತ್ತಿಗೆದಾರರ ಪೈಪು ಹಾದಿದೆಯೇ, ಹೊದಿಕೆಯ ತಗಡು ಕಂಬಕ್ಕೆ ತಾಗಿದೆಯೇ ಎಂದು ಪ್ರತಿ ಆಧಾರದ ಬಳಿ ನಿಂತು ಪರೀಕ್ಷಿಸಬೇಕು. ಪ್ರತಿ ಶೂವಿನ ಅಂಚಿನಲ್ಲಿ ತೊಲೆಯ ಮೇಲೆ ಬಣ್ಣದ ಗೆರೆ ಎಳೆದು, ಸ್ಪ್ರಿಂಗ್‌ಗಳ ತಣ್ಣನೆಯ ಓದನ್ನು ಬರೆದುಕೊಳ್ಳಬೇಕು.

ನಂತರ ಎಲ್ಲ ಡ್ರೇನ್‌ಗಳನ್ನು ತೆರೆದು, ವಾರ್ಮಿಂಗ್ ಬೈಪಾಸ್ ಮೂಲಕ ಹಬೆಯನ್ನು ನಿಧಾನವಾಗಿ ಬಿಡಬೇಕು. ಪೈಪಿನ ತಳದಲ್ಲಿ ತಣ್ಣನೆಯ ನೀರು, ಮೇಲ್ಭಾಗದಲ್ಲಿ ಹಬೆ ಇದ್ದರೆ ಮೇಲ್ಭಾಗ ಹೆಚ್ಚು ಹಿಗ್ಗಿ ಪೈಪು ಬಿಲ್ಲಿನಂತೆ ಬಾಗುತ್ತದೆ, ಶೂಗಳು ತೊಲೆಯಿಂದ ಏಳುತ್ತವೆ. ಡ್ರೇನ್‌ಗಳಿಂದ ನೀರು ನಿಂತು ಒಣ ಹಬೆ ಬರುವವರೆಗೆ ಮುಖ್ಯ ವಾಲ್ವ್ ತೆರೆಯಬಾರದು. ಪೂರ್ತಿ ಬಿಸಿಯಾದ ಮೇಲೆ ಮತ್ತೆ ನಡೆದು ಪ್ರತಿ ಗೆರೆಯಿಂದ ಶೂ ಎಷ್ಟು ಸರಿದಿದೆ ಎಂದು ಅಳೆದು ವಿಶ್ಲೇಷಣೆಯ ಅಂಕಿಯೊಂದಿಗೆ ಹೋಲಿಸಬೇಕು. 40 ಮಿ.ಮೀ. ಸರಿಯಬೇಕಾದ ಶೂ 5 ಮಿ.ಮೀ. ಮಾತ್ರ ಸರಿದಿದ್ದರೆ ಉಳಿದ 35 ಮಿ.ಮೀ. ಇನ್ನೆಲ್ಲೋ ಹೋಗಿದೆ ಎಂದೇ ಅರ್ಥ. ಅದು ಎಲ್ಲಿಗೆ ಹೋಯಿತು ಎಂಬುದು ತಿಳಿಯುವವರೆಗೆ ಲೈನನ್ನು ಉತ್ಪಾದನೆಗೆ ಒಪ್ಪಿಸಬಾರದು. ಒಮ್ಮೆ ತಣಿದ ಮೇಲೆ ಶೂಗಳು ಗೆರೆಯ ಸಮೀಪಕ್ಕೆ ಮರಳಿವೆಯೇ ಎಂಬುದನ್ನೂ ನೋಡಬೇಕು.

ಹಂಗಾಮಿನ ನಂತರ

ಕಬ್ಬು ನುರಿಸುವ ಹಂಗಾಮು ಮುಗಿದು ಕಾರ್ಖಾನೆ ನಿಂತಾಗ ಈ ಅಳತೆಗಳನ್ನು ಮತ್ತೆ ತೆಗೆಯಬೇಕು, ಮುಂದಿನ ಹಂಗಾಮಿನ ಮೊದಲ ವಾರದಲ್ಲಿ ಬಿಸಿ ಅಳತೆಗಳನ್ನೂ. ಬೂದಿ ಮತ್ತು ಬಗಾಸ್‌ನ ಧೂಳು ಶೂಗಳ ಕೆಳಗೆ ಗಟ್ಟಿಯಾಗುತ್ತದೆ, ತೊಲೆಗಳು ತುಕ್ಕು ಹಿಡಿದು ಘರ್ಷಣೆ ಏರುತ್ತದೆ, ದುರಸ್ತಿಗೆ ಬಂದವರು ಅಲುಗಾಡುವ ಶೂವನ್ನು ಕೆಟ್ಟಿದೆಯೆಂದು ಭಾವಿಸಿ ವೆಲ್ಡ್ ಮಾಡಿಬಿಡುತ್ತಾರೆ. ಇದನ್ನು ತಪ್ಪಿಸಲು ಪ್ರತಿ ಜಾರುವ ಆಧಾರದ ಪಕ್ಕದಲ್ಲಿ ‘ಇದು ಚಲಿಸಬೇಕು, ವೆಲ್ಡ್ ಮಾಡಬೇಡಿ’ ಎಂಬ ಕನ್ನಡದ ಫಲಕವನ್ನೂ, ಆ ಶೂ ಬಿಸಿಯಲ್ಲಿ ಎಷ್ಟು ಮಿ.ಮೀ. ಸರಿಯಬೇಕು ಎಂಬ ಅಂಕಿಯನ್ನೂ ಹಾಕಿಸಿರಿ. ಸ್ಪ್ರಿಂಗ್‌ಗಳ ಸೂಚಿ ಬಿಸಿಯಲ್ಲಿ ಬಿಸಿಯ ಗುರುತಿನಲ್ಲಿ, ತಣ್ಣಗಿರುವಾಗ ತಣ್ಣನೆಯ ಗುರುತಿನಲ್ಲಿ ನಿಲ್ಲದೆ ಒಂದು ತುದಿಗೆ ಹೋಗಿ ಕೂತಿದ್ದರೆ, ಸ್ಪ್ರಿಂಗನ್ನು ತಿರುಗಿಸಿ ಸರಿಪಡಿಸುವ ಮೊದಲು ಅದರ ಎರಡೂ ಪಕ್ಕದ ಆಧಾರಗಳನ್ನು ನೋಡಿರಿ. ಅವುಗಳಲ್ಲೊಂದು ಭಾರ ಹೊರುವುದನ್ನು ಬಿಟ್ಟಿರುವ ಸಾಧ್ಯತೆ ಹೆಚ್ಚು.